ಇಳಕಲ್ಲಿನಿಂದ ಬೆಂಗಳೂರಿಗೆ ಒಂದು ಗಂಟೆ ಐದು ನಿಮಿಷ

ಕಿಡ್ನಿ ಕಸಿಗೆ ಕಾಯುವವರ ಪಟ್ಟಿಯನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ನೀಲಾಬಾಯಿಯ ಹೆಸರಿನ ಮುಂದೆ ನಿಮ್ಮ ಕಚೇರಿ 'ಆಸ್ಪತ್ರೆ ತಲುಪಲು ಬೇಕಾಗುವ ಸಮಯ: ಒಂದು ಗಂಟೆ ಐದು ನಿಮಿಷ' ಎಂದು ಬರೆದಿದೆ. ಅದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ ಹಾರುವ ಸಮಯ. ನಾವಿರುವುದು ಇಳಕಲ್ಲಿನಲ್ಲಿ. ಇಲ್ಲಿಂದ ಹುಬ್ಬಳ್ಳಿಗೇ ಮೂರು ತಾಸು. ನಾನು ಇಪ್ಪತ್ತಾರು ವರ್ಷದಿಂದ ಬಸ್ ಕಂಡಕ್ಟರ್. ನಮ್ಮ ಬಸ್ಸು ಅರ್ಧ ತಾಸು ತಡವಾದರೆ ಕಾರಣ ಕೇಳಿ ನೋಟಿಸು ಬರುತ್ತದೆ. ನಿಮ್ಮ ಕಂಪ್ಯೂಟರು ಮೂರು ತಾಸು ನುಂಗಿದರೆ ನೋಟಿಸು ಯಾರಿಗೆ ಕೊಡಬೇಕು?

ಕಳೆದ ಶ್ರಾವಣದ ಒಂದು ಗುರುವಾರ, ನನಗೆ ರಜೆಯಿದ್ದ ದಿನ, ಬೆಳಿಗ್ಗೆ ಹನ್ನೊಂದೂವರೆಗೆ ಫೋನು ಬಂತು. ಬೆಂಗಳೂರಿನಲ್ಲಿ ಹೊಂದುವ ಕಿಡ್ನಿ ಸಿಕ್ಕಿದೆ, ಸಂಜೆ ಆರರೊಳಗೆ ಬನ್ನಿ ಎಂದರು. ಬೆಳಗಿನ ವಿಮಾನ ಹೋಗಿಯಾಗಿತ್ತು, ಮುಂದಿನದು ರಾತ್ರಿಗೆ. ನೆರೆಮನೆಯ ಮತೀನ ಉಣ್ಣುತ್ತಿದ್ದ ತಾಟು ಬಿಟ್ಟೆದ್ದು ತನ್ನ ಕಾರು ತಂದ. ನೀಲಾಬಾಯಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡಳು. ಹೊಸಪೇಟೆಯವರೆಗೂ ಮಾತಾಡುತ್ತಲೇ ಇದ್ದಳು. ಅವಳು ಅಷ್ಟು ಮಾತಾಡಿ ನಾಲ್ಕು ವರ್ಷವಾಗಿತ್ತು. ಚಿತ್ರದುರ್ಗ ಮುಟ್ಟಿದಾಗ ನಾಲ್ಕೂವರೆ. ಇನ್ನೆರಡು ತಾಸು ಹೆಚ್ಚು ಕೊಡಿ ಎಂದು ಫೋನಿನಲ್ಲೇ ಕೈಮುಗಿದೆ. ಹಿರಿಯೂರಿನ ಹತ್ತಿರ ಉತ್ತರ ಬಂತು: ಪಟ್ಟಿಯ ಮುಂದಿನವರು ಬೆಂಗಳೂರಿನವರೇ, ಅವರು ಬಂದು ಕೂತಿದ್ದಾರೆ.

ಬೇರೆಯವರಿಗೆ ಕೊಟ್ಟರಂತೆ ಎಂದು ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

"ಅವರ ಮನ್ಯಾಗರ ಚಲೋ ಆಗ್ಲಿ ಬಿಡ್ರಿ," ಅಂದಳು. "ನಾಳೆ ಡಯಾಲಿಸಿಸ್ ಮಷಿನ್ ಪಾಳಿ ಐತಿ. ಅದೂ ತಪ್ಪೀತು. ಗಾಡಿ ತಿರಗಸಂತ ಮತೀನಗ ಹೇಳ್ರಿ."

ಮತೀನ ಕಾರು ತಿರುಗಿಸಿದ.

ದೂರದವರಿಗೆ ಮೊದಲು, ಹತ್ತಿರದವರಿಗೆ ಕಡೆಗೆ ಫೋನು ಮಾಡುವುದು ನಿಮ್ಮ ಕ್ರಮವೆಂದು ಆಮೇಲೆ ತಿಳಿಯಿತು. ನಿಮ್ಮ ಪಾಲಿಗೆ ನಾವು ಹತ್ತಿರದವರು, ಅದಕ್ಕೇ ನಮಗೆ ಫೋನು ತಡವಾಗಿ ಬಂತು! ತಿದ್ದಿಸಲು ಬಂದು ತಮ್ಮೆದುರು ನಿಂತಾಗ, ವಿಮಾನ ನಿಲ್ದಾಣವಿಲ್ಲದ ಊರನ್ನು ಕಂಪ್ಯೂಟರು ಒಪ್ಪುವುದಿಲ್ಲ ಎಂದಿರಿ. ಬೆಂಗಳೂರಿನಲ್ಲೇ ಮನೆ ಮಾಡಬಾರದೇ ಎಂದೂ ಕೇಳಿದಿರಿ. ಎಂಥ ಸುಲಭದ ದಾರಿ! ಬಾಗಲಕೋಟೆಯಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್; ಪಾಳಿ ಬಿಟ್ಟುಕೊಟ್ಟರೆ ಮತ್ತೆ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಹೊಸ ಪಾಳಿಗೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ಅವಳ ರಕ್ತ ಸೋಸುವವರು ಯಾರು, ತಾವೇ? ಇಲ್ಲಿ ಯಂತ್ರ ಬಿಡುವುದಿಲ್ಲ, ಅಲ್ಲಿಗೆ ದಾರಿ ಮುಟ್ಟಿಸುವುದಿಲ್ಲ. ಬಾದಾಮಿಯಲ್ಲಿ ತನ್ನ ತಂಗಿ ಜಯಶ್ರೀಯ ಮಗಳ ಮದುವೆಗೂ ಅವಳು ಹೋಗಲಿಲ್ಲ. ಅಲ್ಲಿದ್ದಾಗ ಫೋನು ಬಂದರೆ ಬೆಂಗಳೂರು ಇನ್ನಷ್ಟು ದೂರವಾಗುತ್ತದಂತೆ. ನಾನೂ ಹುನಗುಂದದಾಚೆಯ ಡ್ಯೂಟಿ ಬಿಟ್ಟಿದ್ದೇನೆ.

ಈಗ ಅವಳ ಹೆಸರಿನ ಮುಂದೆ 'ಕರೆದರೂ ಬರಲಿಲ್ಲ' ಎಂಬ ಇನ್ನೊಂದು ಸಾಲು ಸೇರಿದೆ. ಎರಡನೆಯ ಸಲ ಹೀಗಾದರೆ ಹೆಸರು ಪಟ್ಟಿಯ ತಳಕ್ಕೆ ಹೋಗುತ್ತದಂತೆ. ಬರಲಿಲ್ಲವೇ? ಹಾಗಾದರೆ ಹಿರಿಯೂರಿನವರೆಗೆ ಬಂದವರು ಯಾರು?

ಆ ಸಾಲು ಅಳಿಸಿ. ಪ್ರಯಾಣದ ಸಮಯ ಎಂಟು ತಾಸು ಎಂದು ಕೈಯಿಂದಲಾದರೂ ಬರೆಯಿರಿ. ಸರದಿ ಮುರಿದು ನಮಗೇ ಕೊಡಿ ಎನ್ನುವುದಿಲ್ಲ. ಯಾರದೋ ಮನೆಯ ಸಾವಿಗೆ ಅವಸರ ಮಾಡುವವರು ನಾವಲ್ಲ. ಆ ಮನೆಯವರು ಕಣ್ಣೊರೆಸಿಕೊಂಡು ಒಪ್ಪಿಗೆ ಕೊಟ್ಟ ಕೂಡಲೇ ನಮಗೊಂದು ಫೋನು ಮಾಡಿ. ಉಳಿದ ದಾರಿ ನಾವು ಬರುತ್ತೇವೆ.

ಇಂತಿ,
ತಮ್ಮ ಉತ್ತರಕ್ಕಿಂತ ತಮ್ಮ ಕರೆಗೇ ಕಾದಿರುವ
ಶಂಕ್ರಪ್ಪ
ಇಳಕಲ್ಲ