ಎರಡನೆಯ ಫೋಟೋ

ರೀ,

ಇಷ್ಟು ವರ್ಷ ನೀವು ಬಿಡದೆ ನೆಚ್ಚಿಕೊಂಡಿದ್ದ ಫೋನ್ ಕಂಪನಿಯವರು ಇವತ್ತು ನಿಮ್ಮ ಫೋನಿಗೆ ಹೊಸ ಅಪ್‌ಡೇಟ್ ಕಳಿಸಿದ್ದರು. ಒಂದೇ ಥರದ ಫೋಟೋಗಳಿವೆ, ಅಳಿಸಲೇ ಎಂದು ಫೋನು ಕೇಳಿತು. "ಅವರು ನಮಗಿಂತ ಬುದ್ಧಿವಂತರು ಕಣೇ, ಕೇಳಿದ್ದಕ್ಕೆಲ್ಲ ಹೂಂ ಅನ್ನು" ಎನ್ನುತ್ತಿದ್ದಿರಲ್ಲ, ಹೂಂ ಎಂದೆ. ಕಸದ ಬುಟ್ಟಿ ಖಾಲಿ ಮಾಡಲೇ ಎಂದಿತು. ಅದಕ್ಕೂ ಹೂಂ.

ನೀವು ಯಾವ ಫೋಟೋವನ್ನೂ ಒಂದೇ ಸಲ ತೆಗೆದವರಲ್ಲ. ಮೊದಲನೆಯದಕ್ಕೆ ನಾನು, "ಸಾಕು ಬಿಡ್ರೀ, ಒಲೆ ಮೇಲೆ ಹಾಲಿದೆ" ಎಂದು ಸಿಡುಕುತ್ತಿದ್ದೆ. "ಆಯ್ತು ಮಹಾರಾಣಿ, ಮುಗೀತು" ಎಂದು ಸುಳ್ಳು ಹೇಳಿ, ನಾನು ನಕ್ಕ ಕೂಡಲೇ ಇನ್ನೊಂದು ಒತ್ತುತ್ತಿದ್ದಿರಿ. ನಗುವಾಗ ನಾನು ಅಲುಗಾಡುತ್ತೇನೆ, ಹಾಗಾಗಿ ಎರಡನೆಯದು ಯಾವಾಗಲೂ ತುಸು ಮಸುಕು. ಫೋನು ಸ್ಪಷ್ಟವಾಗಿದ್ದದ್ದನ್ನು ಇಟ್ಟುಕೊಂಡು ಮಸುಕಾದದ್ದನ್ನು ತೆಗೆದುಹಾಕಿದೆ.

"ಎಷ್ಟು ಜಾಗ ಉಳೀತು ನೋಡಮ್ಮಾ" ಎಂದಳು ಮಗಳು.

ಆ ಕಂಪನಿಯವರನ್ನು ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಆಸ್ಪತ್ರೆಯವರು ನನ್ನನ್ನು ಒಳಗೆ ಬಿಡದಿದ್ದಾಗ ನಿಮ್ಮ ಮುಖ ತೋರಿಸಿದ್ದು ಇದೇ ಕಂಪನಿಯ ಫೋನು.

ಸಂಜೆಯಿಂದ ಒಂದೊಂದನ್ನೇ ನೋಡುತ್ತ ಕೂತಿದ್ದೇನೆ. ಅಷ್ಟೂ ವರ್ಷಗಳ ಫೋಟೋಗಳಲ್ಲಿ ಒಂದರಲ್ಲೂ ನಾನು ನಿಮ್ಮನ್ನು ನೋಡಿ ನಕ್ಕಿಲ್ಲ.