ಅಕ್ಕನ ಫೋಟೋ ಕೇಳುವ ಮುನ್ನ

ಜವನಗೊಂಡನಹಳ್ಳಿ
ಭಾನುವಾರ

ಮಂಜಣ್ಣ ಭಾವನವರಿಗೆ ಗೋವರ್ಧನನ ನಮಸ್ಕಾರ.

ಮೀನಾಕ್ಷಕ್ಕನ ನೆನಪಿಗೆ, ರಕ್ತ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೂಡಿಸಾಕೆ ಬರೋ ತಿಂಗಳು ಹಿರಿಯೂರಿನಿಂದ ದುರ್ಗದ ತನಕ ನಡೀತಿದೀವಿ. ಬ್ಯಾನರಿಗೆ ಅಕ್ಕನ ಫೋಟೋ ಬೇಕು. ಚಂದ್ರವಳ್ಳಿಯಲ್ಲಿ ಮಗಳು ಕೀರ್ತನಾನ ಎತ್ತಿಕೊಂಡು ನಗ್ತಿರೋದು ನಿಮ್ಮ ಹತ್ರ ಐತೆ.

ಕೊಡೋ ಮೊದಲು ಒಂದು ವಿಷಯ ತಿಳ್ಕಳ್ರಿ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ನೀವು ಫೋನ್ ಮಾಡಿ, "ಒಂದು ಸಲ ಬಂದು ಪರೀಕ್ಷೆಗೆ ರಕ್ತ ಕೊಡಪ್ಪ. ಹೊಂದಿದರೆ ನಿನ್ನ ಮೂಳೆ ಮಜ್ಜೆ ಹಾಕಿ ಉಳಿಸಬಹುದಂತೆ" ಅಂದ್ರಿ. ಕುರಿಗಳಿಗೆ ಕಾಯಿಲೆ ಬಂದೈತೆ, ಬಿಟ್ಟು ಬರಾಕಾಗಲ್ಲ ಅಂತ ನಾನು ಮೂರು ವಾರ ತಳ್ಳಿದೆ. ಕುರಿಗಳಿಗೆ ಏನೂ ಆಗಿರಲಿಲ್ಲ ಭಾವ. ಮಜ್ಜೆ ತೆಗೆಯಾಕೆ ಬೆನ್ನಿಗೆ ಸೂಜಿ ಚುಚ್ತಾರೆ ಅಂತ ಹೆದರಿದ್ದೆ. ಕೊನೆಗೆ ಬಂದಾಗ ಅಕ್ಕನ ಮೈಗೆ ನಂಜೇರಿತ್ತು, ಡಾಕ್ಟರು ಕೈ ಚೆಲ್ಲಿದ್ದರು. ಅಕ್ಕ ಕಣ್ಣು ಬಿಟ್ಟು, "ಕುರಿ ಹುಷಾರಾದ್ವೇನಪ್ಪ?" ಅಂದಳು. ಹೂಂ ಅಂದೆ.

ನನ್ನದು ಹೊಂದ್ತಿತ್ತೋ ಇಲ್ಲವೋ, ಇನ್ನು ತಿಳಿಯೋ ಹಾಗಿಲ್ಲ.

ನಡಿಗೆಯ ದಿನ ಮೈಕಿನಲ್ಲಿ ಮಾತಾಡು ಅಂದಿದಾರೆ. ಇದನ್ನೇ ಹೇಳ್ತೀನಿ. ಊರಿಗೆ ಹೇಳೋ ಮುಂಚೆ ನಿಮಗೆ ಹೇಳಬೇಕಿತ್ತು. ಇಷ್ಟು ಓದಿದ ಮೇಲೂ ಮನಸ್ಸಾದರೆ ಫೋಟೋ ಕಳಿಸ್ರಿ. ಇಲ್ಲದಿದ್ದರೆ ಬರೀ ಹೆಸರು ಬರೆಸಿಕೊಂಡು ನಡೀತೀವಿ.

ಇಂತಿ,
ಗೋವರ್ಧನ