ಕುಡಿಯದೆ ಇಟ್ಟ ಕಾಫಿ

ಬೈತ್ ಸಿರಾಜ್, ನಬ್ಲುಸ್ ಹತ್ತಿರ
ನವೆಂಬರ್ ೪, ಮಂಗಳವಾರ

ನನ್ನ ಮುದ್ದಿನ ಇಖ್ಲಾಸ್ ಅಕ್ಕಾ,

ನಿನಗೆ ನೂರು ಮುತ್ತು, ನಿನ್ನ ಪುಟಾಣಿಗಳಿಗೆ ಇನ್ನೂರು. ಮದುವೆಯಾಗಿ ಇಪ್ಪತ್ತೆರಡು ದಿನ! ಲುವೈ ಎಷ್ಟು ಒಳ್ಳೆಯವನು ಎಂದು ಬರೆಯಲು ಕೂತರೆ ಕಾಗದ ಸಾಲದು. ನಾನು ಇಂಗ್ಲಿಷ್ ಹಾಡು ಗುನುಗಿದರೆ ಒಂದಕ್ಷರ ತಿಳಿಯದಿದ್ದರೂ ತಲೆದೂಗುತ್ತಾನೆ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ನನಗೆ ಹುಚ್ಚೇ ಹಿಡಿದಿದೆ ಅಕ್ಕಾ.

ಆದರೆ ಇವತ್ತು ಬಂದಿರುವ ಸಿಟ್ಟಿಗೆ ಪೆನ್ನಿನ ಮೊನೆ ಕಾಗದವನ್ನು ಹರಿಯುತ್ತಿದೆ. ಫೋನಿನಲ್ಲಿ ಇದನ್ನೆಲ್ಲ ಹೇಳುವಂತಿಲ್ಲ. ಸಲ್ವಾ ಅತ್ತೆ ನಾಳೆ ನಿಮ್ಮೂರು ಅಮ್ಮಾನಿಗೆ ಹೊರಟಿದ್ದಾಳೆ, ಅವಳ ಚೀಲದಲ್ಲಿ ಕಳಿಸುತ್ತಿದ್ದೇನೆ.

ಶುಕ್ರವಾರ ಆಲಿವ್ ಕೊಯ್ಲಿಗೆ ಹೋಗಿದ್ದೆವು. ಗುಡ್ಡದ ಮೇಲಿನ ಯಹೂದಿ ವಸಾಹತಿನಿಂದ ಎಂಟು ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ದೊಣ್ಣೆ ಹಿಡಿದು ಇಳಿದರು. ಮಾವನ ಬಲಗೈ ಮುರಿದರು. ಕೊಯ್ದಿದ್ದ ಚೀಲಗಳನ್ನು ಹೊತ್ತೊಯ್ದರು. ಹನ್ನೊಂದು ಮರಗಳಿಗೆ ಬೆಂಕಿ ಇಟ್ಟರು. ಆಮೇಲೆ ಜೀಪಿನಲ್ಲಿ ಬಂದ ಅವರದೇ ಸೈನಿಕರು ನಮ್ಮನ್ನೇ ಹೊರಗಟ್ಟಿದರು. ನಮ್ಮ ತೋಟದಿಂದ ಅಕ್ಕಾ, ನಮ್ಮನ್ನೇ. ದೊಣ್ಣೆ ಹಿಡಿದವರಲ್ಲಿ ಒಬ್ಬನನ್ನೂ ಹಿಡಿಯಲಿಲ್ಲ.

ಅವತ್ತು ನೂರಿತ್ ನಮ್ಮ ಜೊತೆಗಿದ್ದಳು. ಟೆಲ್ ಅವೀವ್ ಕಡೆಯ ಯಹೂದಿ, ಅರವತ್ತೆಂಟರ ಮುದುಕಿ, ನರ್ಸ್ ಆಗಿದ್ದವಳು. ಅವಳ ಮಗ ಊರಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಸ್ಸಿನಲ್ಲಿ ಸಿಡಿದ ಬಾಂಬಿಗೆ ಸತ್ತ. ಬಾಂಬು ಕಟ್ಟಿಕೊಂಡು ಹತ್ತಿದವನು ನಮ್ಮ ಪಕ್ಕದೂರಿನವನು. ಆದರೂ ಏಳು ವರ್ಷದಿಂದ ಪ್ರತಿ ಕೊಯ್ಲಿಗೂ ಬಂದು ನಮಗೂ ದೊಣ್ಣೆಗಳಿಗೂ ನಡುವೆ ನಿಲ್ಲುತ್ತಾಳೆ. ಈ ಸಲ ಅವಳ ಹಣೆಗೂ ಮೂರು ಹೊಲಿಗೆ ಬಿದ್ದವು.

ಭಾನುವಾರದ ಹೊತ್ತಿಗೆ ಲುವೈ ದೊಡ್ಡಪ್ಪನ ಮಕ್ಕಳಿಬ್ಬರ ಜೊತೆ ಸೇರಿ, ಗುಡ್ಡದ ತುದಿಯಲ್ಲಿರುವ ಆ ವಸಾಹತಿನವರ ಷೆಡ್ಡಿಗೆ ಬೆಂಕಿ ಹಚ್ಚುವುದೆಂದು ಗೊತ್ತುಮಾಡಿದ್ದ. ಅಲ್ಲೊಂದು ಸಂಸಾರವಿದೆ. ತಂತಿಯ ಮೇಲೆ ಮಕ್ಕಳ ಬಟ್ಟೆ ಒಣಗುವುದು ನಮ್ಮ ಮಾಳಿಗೆಯಿಂದಲೇ ಕಾಣುತ್ತದೆ. ನಾನೇನೂ ಹೆಚ್ಚು ಹೇಳಲಿಲ್ಲ. ಅಪ್ಪನ ಕೈ ಮುರಿದವರ ಎದುರು ಸುಮ್ಮನೆ ಕೂರುವವನ ಪಕ್ಕ ಮಲಗಲಾರೆ ಎಂದೆ, ಅಷ್ಟೆ.

ಮಾವನಿಗೆ ಸೀಮೆಎಣ್ಣೆಯ ವಾಸನೆ ಬಡಿದಿದೆ. ಮಗ ತನ್ನ ಮಾತು ಕೇಳುವುದಿಲ್ಲವೆಂದು ನೂರಿತ್‌ಗೆ ಫೋನು ಮಾಡಿದ್ದಾರೆ. ನಿನ್ನೆ ಮಧ್ಯಾಹ್ನ ಅವಳು ಹಣೆಯ ಪಟ್ಟಿಯ ಸಮೇತ ಬಂದು ಗಂಡಸರ ನಡುವೆ ಕೂತಳು. ನಾನೇ ಏಲಕ್ಕಿ ಕಾಫಿ ಕೊಟ್ಟೆ. ಅವಳು ಅದನ್ನು ತುಟಿಗೆ ತಾಗಿಸದೆ ಮುಂದಿಟ್ಟು ಕೈಕಟ್ಟಿ ಕೂತಳು.

ಎಲ್ಲರೂ ದಂಗಾದರು. ನಿನಗೆ ಗೊತ್ತಲ್ಲ, ಹೆಣ್ಣು ಕೇಳಲು ಬಂದ ಹಿರಿಯರು, ಕೊಲೆಯ ರಾಜಿಗೆ ಬಂದ ಹಿರಿಯರು ಹಾಗೆ ಮಾಡುತ್ತಾರೆ. ಕೇಳಿದ್ದನ್ನು ನಡೆಸಿಕೊಡುವ ತನಕ ಕಾಫಿ ಮುಟ್ಟುವುದಿಲ್ಲ, ಮುಟ್ಟದೆ ಎದ್ದರೆ ಮನೆಗೇ ಅವಮಾನ. ಅದನ್ನು ಒಬ್ಬ ಹೆಂಗಸು, ಅದೂ ಅವರ ಕಡೆಯವಳು!

ಲುವೈ ನಕ್ಕುಬಿಟ್ಟ. "ನಮ್ಮ ಜಮೀನು ಸಾಲ್ದೆ ಈಗ ನಮ್ಮ ಸಂಪ್ರದಾಯಾನೂ ಬೇಕಂತೆ ಇವ್ರಿಗೆ."

ಅವಳು ತನ್ನ ಮುರುಕು ಅರಬಿಯಲ್ಲಿ, ಬೆಂಕಿ ಹಚ್ಚುವುದಿಲ್ಲವೆಂದು ಅವನು ಮಾತು ಕೊಡಬೇಕು ಎಂದಳು. ಊರಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ತಂದುಕೊಟ್ಟು, ತೆರೆಯಬೇಡಿ ಎಂದಿದ್ದರಂತೆ. ಹಾಗೆ ಇನ್ನೊಂದು ಪೆಟ್ಟಿಗೆ ಯಾರ ಮನೆಗೂ ಹೋಗಬಾರದು, ಗುಡ್ಡದ ಮೇಲಿನವರ ಮನೆಗೂ ಎಂದಳು.

ಮದುಮಗಳು ಹಿರಿಯರೆದುರು ಬಾಯಿ ತೆರೆಯಬಾರದು. ನಾನು ತೆರೆದೆ. "ನಿಮ್ಮ ಜನರ ಹತ್ರ ಹೋಗಿ, ಅವರ ಮುಂದೆ ಇಡಿ ನಿಮ್ಮ ಕಾಫಿ. ಪೆಟ್ಟು ತಿಂದೋರಿಗೇ ಯಾಕೆ ಬುದ್ಧಿ ಹೇಳ್ತೀರಾ?"

"ಹೋಗಿದ್ದೆ ಮಗಳೇ," ಎಂದಳು. "ಅವರು ಕಾಫಿನೇ ಕೊಡಲಿಲ್ಲ."

ಕಾಫಿ ಆರಿತು. ಲುವೈ ಅವಳನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ, ನನ್ನ ಕಡೆ ತಿರುಗಿದ. "ಸುಂದುಸ್, ನೀನೇ ಹೇಳು. ಹೋಗ್ಲಾ, ಬೇಡ್ವಾ?" ಎಂದ.

ಅವನನ್ನು ಕೆಣಕಿದವಳು ಯಾರೆಂದು ಇಡೀ ಕೋಣೆಗೆ ತಿಳಿಯಿತು. ಹೋದರೆ ಅವನಿಗೆ ಗುಂಡು, ಇಲ್ಲವೇ ತಲೆ ನರೆಯುವ ತನಕ ಜೈಲು. ಅದು ನನಗೆ ಭಾನುವಾರವೂ ಗೊತ್ತಿತ್ತು ಅಕ್ಕಾ. ಆರಿದ ಕಾಫಿಯನ್ನು ಬಚ್ಚಲಿಗೆ ಚೆಲ್ಲಿದೆ. ಬೇರೆ ಕುದಿಸಿ ತಂದು ಅವಳ ಮುಂದೆ ಕುಕ್ಕಿದೆ. "ಕುಡೀರಿ. ನೀವು ಬಂದ ಕೆಲಸ ಆಯ್ತು."

ಅವಳು ಕುಡಿದಳು. ಹೊರಡುವಾಗ ತಬ್ಬಿಕೊಳ್ಳಲು ಬಂದಳು. ನಾನು ಹಿಂದೆ ಸರಿದೆ.

ಇದಕ್ಕೆ ಯಾರಾದರೂ ಶಾಂತಿ ಎಂದು ಹೆಸರಿಟ್ಟರೆ ಅವರ ಮುಖಕ್ಕೆ ಬಾಗಿಲು ಹಾಕುತ್ತೇನೆ. ಮಾವನಿಗೆ ಈಗ ನಾನೇ ತುತ್ತು ಕಲಸಿ ತಿನ್ನಿಸಬೇಕು. ಅವರ ಕೈ ಮುರಿದವನು ನಮ್ಮ ಆಲಿವ್‌ನಿಂದ ಎಣ್ಣೆ ತೆಗೆಸುತ್ತಿದ್ದಾನೆ. ಅವನಿಂದ ಮಾತು ತೆಗೆದುಕೊಳ್ಳಲು ಈ ದೇಶದಲ್ಲಿ ಯಾರೂ ಇಲ್ಲ. ಮಾತು ಕೊಡಬೇಕಾದವರು ನಾವು, ಉಳಿಸಿಕೊಳ್ಳಬೇಕಾದವರೂ ನಾವೇ. ನಾನು ಯಾರನ್ನೂ ಕ್ಷಮಿಸಿಲ್ಲ. ಗಂಡನನ್ನು ಉಳಿಸಿಕೊಂಡೆ, ಅಷ್ಟೆ. ಅವನು ನಿನ್ನೆಯಿಂದ ನನ್ನೊಡನೆ ಮಾತಾಡಿಲ್ಲ.

ನಿನ್ನ ತಲೆಕೆಟ್ಟ ತಂಗಿ,
ಸುಂದುಸ್

ತಾ.ಕ.: ಅಮ್ಮನ ಹತ್ತಿರ ಬಾಯಿ ಬಿಡಬೇಡ. ಬಾಟಲಿಗಳಿಗೆ ಸೀಮೆಎಣ್ಣೆ ತುಂಬಿದವಳು ನಾನು. ಬತ್ತಿಗೆಂದು ಗೋರಂಟಿ ಶಾಸ್ತ್ರದ ದಿನ ಹೊದ್ದಿದ್ದ ಹಸಿರು ಶಾಲನ್ನು ಹರಿದೆ. ನಾಲ್ಕರಲ್ಲಿ ಮೂರನ್ನು ನಿನ್ನೆ ಸಂಜೆ ಖಾಲಿ ಮಾಡಿದೆ. ಒಂದು ಅಕ್ಕಿಡಬ್ಬದ ಹಿಂದೆ ಇದೆ. ಲುವೈಗೆ ಗೊತ್ತಿಲ್ಲ.